ಗೆರೆಯೊಳಗೆ ಕೂತ ಗಿರಿಮಲ್ಲ

ಹೂಂ ಅನ್ನುವವರು ಮುಂದೆ ಬನ್ನಿ, ಆಕಳಿಸುವವರು ಹಿಂದೆ ಹೋಗಿ. ಇದು ಪೆದ್ದನ ಕತೆ. ನಗು ಬಂದಲ್ಲಿ ನಗಿ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ 'ಇಂಥ ಪೆದ್ದರೂ ಇರುತ್ತಾರೆಯೇ' ಅಂತ ಮಾತ್ರ ಯಾರೂ ಕೇಳಬೇಡಿ. ಇರುತ್ತಾರೆ. ನಿಮ್ಮ ಮನೆಯಲ್ಲೂ ಇರುತ್ತಾರೆ. ಕೇಳಿದವರ ಮನೆಯಲ್ಲಂತೂ ಖಂಡಿತ ಇರುತ್ತಾರೆ.

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿಯ ಹೆಸರು ಕಾಶವ್ವ, ಮಗನ ಹೆಸರು ಗಿರಿಮಲ್ಲ. ಗದಗಿನ ಕಡೆಯವರು. ಆದರೆ ಇದ್ದದ್ದು ಗದಗಿನಲ್ಲಲ್ಲ, ಸ್ವಿಟ್ಜರ್ಲೆಂಡಿನ ಒಂದು ಹಳೇ ಊರಿನಲ್ಲಿ. ಊರಿನ ಹೆಸರು ಹೇಳಲು ಹೋದರೆ ನನ್ನ ನಾಲಿಗೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಬಿಡಿ. ಅಲ್ಲಿ ಯೋಗ ಕಲಿಸುವ ಒಂದು ದೊಡ್ಡ ಮನೆ. ಕಣ್ಣು ಮುಚ್ಚಿ ಕೂತವರಿಗೂ ಹಸಿವಾಗುತ್ತದಲ್ಲ! ಅವರಿಗೆ ಬೇಯಿಸಿ ಹಾಕಲು ಕಾಶವ್ವ ಹೋದಳು. ಗಂಡ ತೀರಿಕೊಂಡಿದ್ದ. ಮಗನನ್ನು ಒಬ್ಬನೇ ಬಿಟ್ಟು ಹೋಗಲು ಧೈರ್ಯ ಬರಲಿಲ್ಲ. ಕರೆದುಕೊಂಡೇ ಹೋದಳು. ಹೋಗಿ ಎಂಟು ವರ್ಷವಾಗಿತ್ತು.

ಗಿರಿಮಲ್ಲ ಈಗ ಇಪ್ಪತ್ತೈದು ವರ್ಷದ ಗಂಡಾಳು. ಆರಡಿ ಎತ್ತರ. ಅಲ್ಲಿಯ ಭಾಷೆಯನ್ನು ಅವ್ವನಿಗಿಂತ ಮೊದಲು ಕಲಿತವನು. ಮೈಗಳ್ಳನಲ್ಲ, ಸುಳ್ಳುಗಾರನಲ್ಲ, ಎದುರು ಮಾತಾಡುವವನಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ. ಹೇಳಿದ್ದನ್ನೇ ಮಾಡುತ್ತಿದ್ದ, ಹೇಳಿದಷ್ಟನ್ನೇ ಮಾಡುತ್ತಿದ್ದ, ಸಾಕು ಅನ್ನುವ ತನಕ ಮಾಡುತ್ತಿದ್ದ.

ಹೋದ ಹೊಸತರಲ್ಲಿ ಕಾಶವ್ವ ಹೇಳಿದಳು, "ನೋಡೋ ಮಗನ, ಇದು ನಮ್ಮೂರಲ್ಲ. ಹಸರ ದೀಪ ಹತ್ತಿದ್ರ ರಸ್ತಾ ದಾಟು."

ಬೆಳಿಗ್ಗೆ ಬ್ರೆಡ್ ತರಲು ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ಕಾಶವ್ವ ಹೆದರಿ ಓಡಿಹೋಗಿ ನೋಡುತ್ತಾಳೆ, ಮಗ ರಸ್ತೆ ದಾಟುತ್ತಿದ್ದಾನೆ! ದೀಪ ಹತ್ತಿತು, ಈಚೆಯಿಂದ ಆಚೆಗೆ ಹೋದ. ಮತ್ತೆ ಹತ್ತಿತು, ಆಚೆಯಿಂದ ಈಚೆಗೆ ಬಂದ.

"ಏನೋ ಇದು, ಗಿರಿಮಲ್ಯಾ!"

"ದೀಪ ಹತ್ತೂದು ನಿಲ್ಲವಲ್ದು ಅವ್ವಾ!"

ಕಾಶವ್ವ ಹಣೆ ಬಡಿದುಕೊಂಡಳು. ಅವತ್ತು ಶುರುವಾದ ಬಡಿತ, ಎಂಟು ವರ್ಷವಾದರೂ ಆ ಹಣೆಗೆ ಬಿಡುವು ಸಿಕ್ಕಿರಲಿಲ್ಲ.

ಇರಲಿ. ಆ ಊರಿನಲ್ಲಿ ಒಂದು ಹಬ್ಬ. ಚಳಿ ಶುರುವಾಗುವ ಹೊತ್ತಿಗೆ ಒಂದು ಸೋಮವಾರ ಊರಿಗೆ ಊರೇ ಬೀದಿಗೆ ಬಂದು ಉಳ್ಳಾಗಡ್ಡಿ ಪೇಟೆ ನಡೆಸುತ್ತದೆ. ನೀವು ಈರುಳ್ಳಿ ಅನ್ನಿ, ನಾನು ಉಳ್ಳಾಗಡ್ಡಿ ಅಂತೀನಿ. ಹೆಚ್ಚಿದರೆ ಅಳುವುದು ಇಬ್ಬರೂ. ಹೊತ್ತು ಹುಟ್ಟುವ ಮೊದಲೇ ಪೇಟೆ ಕೂಡುತ್ತದೆ. ಉಳ್ಳಾಗಡ್ಡಿಯನ್ನು ಅಲ್ಲಿ ಬುಟ್ಟಿಯಲ್ಲಿ ಸುರಿದು ಮಾರುವುದಿಲ್ಲ, ಒಣಗಿದ ಸೊಪ್ಪಿನ ಸಮೇತ ಹೆರಳು ಹೆಣೆದು, ಮೇಲೆ ಒಣ ಹೂವು ಸಿಗಿಸಿ, ಸಾಲಾಗಿ ತೂಗುಹಾಕುತ್ತಾರೆ. ಉಳ್ಳಾಗಡ್ಡಿ ಸಾರು, ಉಳ್ಳಾಗಡ್ಡಿ ರೊಟ್ಟಿ, ಸಕ್ಕರೆಯಲ್ಲಿ ಮಾಡಿದ ಉಳ್ಳಾಗಡ್ಡಿ! ಮಕ್ಕಳು ಒಬ್ಬರ ಮೇಲೊಬ್ಬರು ಬಣ್ಣದ ಕಾಗದದ ಚೂರು ಎರಚುತ್ತಾರೆ. ಪೀಪೀ ಅನ್ನುವ ಪ್ಲಾಸ್ಟಿಕ್ ಸುತ್ತಿಗೆ ಹಿಡಿದು ಕಂಡವರ ತಲೆಗೆ ಕುಟ್ಟುತ್ತಾರೆ. ಕುಟ್ಟಿಸಿಕೊಂಡವರು ನಗಬೇಕು, ಅದು ಅಲ್ಲಿಯ ಪದ್ಧತಿ.

ಏಳು ವರ್ಷ ಕಾಶವ್ವ ಆ ಪೇಟೆಗೆ ಹೋಗಿದ್ದಳು. ಹೋಗಿ ಏನು ಮಾಡಿದಳು? ನೋಡಿದಳು. ನೋಡುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲವಲ್ಲ. ಆದರೆ ನೋಡಿ ನೋಡಿ ಅವಳಿಗೆ ಹೊಟ್ಟೆ ಉರಿಯಿತು. "ನಮ್ಮವ್ವ ಹೆರಳು ಇದಕಿಂತ ಚಂದ ಹೆಣೀತಿದ್ಲು" ಅಂತ ಮನಸ್ಸಿನಲ್ಲೇ ಹೇಳಿಕೊಂಡಳು. ಊರಿಗೆ ಹೋಗಿದ್ದಾಗ ಕುಂಕುಮದ ಡಬ್ಬಿಯಲ್ಲಿ ಗದಗಿನ ಕೆಂಪು ಉಳ್ಳಾಗಡ್ಡಿಯ ಬೀಜ ತಂದಳು. ಯೋಗದ ಮನೆಯ ಹಿಂದೆ ಒಂದು ಮಡಿ ಮಾಡಿದಳು. ಮೊದಲ ವರ್ಷ ಕೊಳೆಯಿತು. ಎರಡನೆಯ ವರ್ಷ ಬೆರಳುಗಾತ್ರ ಬಂತು. ಮೂರನೆಯ ವರ್ಷ ಮುಷ್ಟಿಗಾತ್ರದ ಕೆಂಪು ಉಳ್ಳಾಗಡ್ಡಿ, ಹತ್ತಿರ ಹೋದರೇ ಕಣ್ಣಲ್ಲಿ ನೀರು!

"ಏಳು ವರ್ಷ ಆ ಬೀದ್ಯಾಗ ನಿಂತು ನೋಡೀನಿ. ಒಂದು ಸಲ ಕೂಡಬೇಕು" ಅಂದಳು ಕಾಶವ್ವ. ಅಷ್ಟೇ ಅವಳ ಆಸೆ. ಅಡುಗೆಮನೆಯ ಹೆಂಗಸು ಅನ್ನಿಸಿಕೊಂಡದ್ದು ಸಾಕು, ಆ ಬೀದಿಯಲ್ಲಿ ತನ್ನ ಹೆರಳು ತೂಗುಹಾಕಿಕೊಂಡು ಎಲ್ಲರ ಸಾಲಿನಲ್ಲಿ ಒಬ್ಬಳಾಗಿ ಕೂಡಬೇಕು.

ಕೂಡಿಸುವವನು ಯಾರು? ಪೇಟೆಯ ಮೇಲ್ವಿಚಾರಕ. ಬೂದುಬಣ್ಣದ ಕೋಟು, ಬೂದುಬಣ್ಣದ ಮೀಸೆ, ಕೈಯಲ್ಲಿ ಸುಣ್ಣದ ಕಡ್ಡಿ. ಬೀದಿಯ ಚೌಕ ಚೌಕ ಕಲ್ಲಿನ ಮೇಲೆ ಗೆರೆ ಎಳೆದು ಜಾಗ ಹಂಚುವುದು ಅವನ ಕೆಲಸ. ಕಾಶವ್ವ ಅವನಿಗೆ ಗೆರೆ ಸಾಹೇಬ ಅಂತ ಹೆಸರಿಟ್ಟಳು. ಐದು ಸಲ ಹೋಗಿ ಕೇಳಿದಳು, ಐದು ಸಲ ಇಲ್ಲ ಅಂದ. ಆರನೆಯ ಸಲ ಅವಳ ಉಳ್ಳಾಗಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇಷ್ಟು ಕೆಂಪು! ಇದು ನಮ್ಮ ಪೇಟೆಯ ಈರುಳ್ಳಿ ಅಲ್ಲ" ಅಂದ.

"ಹೆಚ್ಚಿ ನೋಡ್ರಿ" ಅಂದಳು ಕಾಶವ್ವ. ಮಾತು ಅವರ ಭಾಷೆಯದು, ಧಾಟಿ ಗದಗಿನದು.

ಹೆಚ್ಚಲಿಲ್ಲ. ಆದರೆ ಏಳನೆಯ ಸಲಕ್ಕೆ ಸಾಕಾಗಿ ಒಪ್ಪಿಕೊಂಡ. ಬೀದಿಯ ಕೊಟ್ಟಕೊನೆಗೆ, ಒಂದು ಚಾಪೆ ಹಾಸುವಷ್ಟು ಜಾಗ. ಒಂದು ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಐವತ್ತೇಳು ಅಂತ ಬರೆದಿತ್ತು. ಗೆರೆ ಸಾಹೇಬ ಹೇಳಿದ, "ಈ ಗೆರೆಯಿಂದ ಆ ಗೆರೆಯವರೆಗೆ ಸೋಮವಾರ ಸಂಜೆ ನಾಲ್ಕು ಗಂಟೆಯ ತನಕ ನಿಮ್ಮದು. ಆದರೆ ಮೂರು ದೂರು ಬಂದರೆ ಜಾಗ ಹೋಯಿತು. ಈ ವರ್ಷವೂ ಹೋಯಿತು, ಮುಂದೆ ಯಾವ ವರ್ಷವೂ ಕೇಳುವ ಹಾಗಿಲ್ಲ."

ಗಿರಿಮಲ್ಲ ಪಕ್ಕದಲ್ಲೇ ನಿಂತಿದ್ದ, ಎಲ್ಲ ಕೇಳಿಸಿಕೊಂಡ. ಈ ಗೆರೆಯಿಂದ ಆ ಗೆರೆಯವರೆಗೆ ನಮ್ಮದು. ಈ ಮಾತು ನೀವೂ ನೆನಪಿಟ್ಟುಕೊಳ್ಳಿ. ಅವನು ಇಟ್ಟುಕೊಂಡ.

ಸೋಮವಾರ ಬಂತು. ಬೆಳಗಿನ ಐದು ಗಂಟೆ, ಬಾಯಿ ತೆರೆದರೆ ಹೊಗೆ. ತಾಯಿ ಮಗ ಸೇತುವೆ ದಾಟಿ, ಕೈಗಾಡಿ ತಳ್ಳಿಕೊಂಡು ಬೀದಿಗೆ ಬಂದರು. ಒಂದು ಗಾಡಿ ಹೆರಳು ಇಳಿಸಿದರು. ಇನ್ನೊಂದು ಗಾಡಿ ಮನೆಯಲ್ಲೇ ಉಳಿದಿತ್ತು.

"ನಾ ಹೋಗಿ ತರತೀನಿ. ನೀ ಈ ಗೆರಿಯೊಳಗ ಜಾಗಾ ಹಿಡಕೊಂಡಿರು. ಯಾರು ಬಂದ್ರೂ ಏಳಬ್ಯಾಡ. ತಿಳೀತಿಲ್ಲೋ?"

"ತಿಳೀತವ್ವಾ!"

ತಿಳಿದರೆ ಇನ್ನೇನು! ಕಾಶವ್ವ ಆ ಕಡೆ ಹೋದಳು, ಗಿರಿಮಲ್ಲ ಈ ಕಡೆ ಬೋರಲು ಮಲಗಿ ಎರಡು ಕೈಯಲ್ಲೂ ನೆಲದ ಕಲ್ಲು ಹಿಡಿದುಕೊಂಡ. ಜಾಗ ಐದಡಿ, ಆಳು ಆರಡಿ. ಕಾಲು ಆಚೆಗೆ ಚಾಚಿಕೊಂಡಿತು. ಕತ್ತಲಲ್ಲಿ ಗೆರೆ ಸಾಹೇಬ ಗೆರೆ ನೋಡುತ್ತಾ ಬಂದ. ಗೆರೆ ಕಂಡಿತು, ಕಾಲು ಕಾಣಲಿಲ್ಲ. ದಬ್! ಸಾಹೇಬ ಗಿರಿಮಲ್ಲನ ಬೆನ್ನಿನ ಮೇಲೆ ಮುಗ್ಗರಿಸಿ ಬಿದ್ದ.

"ಯಾರದು! ಏಳು!"

"ಏಳಂಗಿಲ್ಲ!"

"ನಾನು ಮೇಲ್ವಿಚಾರಕ! ಏಳು!"

"ಯಾರು ಬಂದ್ರೂ ಏಳಂಗಿಲ್ಲ!"

ಕಾಶವ್ವ ಎರಡನೇ ಗಾಡಿ ತಳ್ಳಿಕೊಂಡು ಬಂದಾಗ ಸಾಹೇಬ ಕೋಟಿನ ಧೂಳು ಕೊಡವುತ್ತಾ ಪುಸ್ತಕದಲ್ಲಿ ಬರೆಯುತ್ತಿದ್ದ. ಮೊದಲನೆಯ ದೂರು. ದೂರು ಕೊಟ್ಟವರು ಯಾರು? ಅವನೇ. ಬರೆದುಕೊಂಡವರು ಯಾರು? ಅವನೇ. ಬೀದಿಯ ಆ ತುದಿಯಲ್ಲಿರುವ ಕಚೇರಿಗೆ ಬಂದು ಸಹಿ ಮಾಡಬೇಕು ಅಂತ ಹೇಳಿ ಕುಂಟುತ್ತಾ ಹೋದ.

"ಅಯ್ಯ ನನ ಕರ್ಮ! ಹಿರೇರು ಬಂದ್ರ ಹಿಂಗ ಬಿದ್ದಿರತಾರೇನೋ? ಎದ್ದು ನಿಂದರಬೇಕು! ಕೈ ಹಿಡದು, ಬರ್ರಿ ಕೂಡ್ರಿ ಅಂತ ಕೂಡಸಬೇಕು! ತಿಳೀತಿಲ್ಲೋ?"

"ತಿಳೀತವ್ವಾ!"

ಕಾಶವ್ವ ಸಹಿ ಮಾಡಲು ಹೋದಳು. ಬೆಳಕು ಹರಿಯಿತು. ಪಕ್ಕದ ಅಂಗಡಿ ರೋಸ್ಲಿ ಅಜ್ಜಿಯದು. ಎಪ್ಪತ್ತು ದಾಟಿದ ಮುದುಕಿ, ಕೆಂಪು ಕೆನ್ನೆ, ಐವತ್ತು ವರ್ಷದಿಂದ ಅದೇ ಬೀದಿಯಲ್ಲಿ ನಿಂತೇ ಉಳ್ಳಾಗಡ್ಡಿ ಮಾರಿದವಳು. ಹೊಸಬರು ಯಾರು ಅಂತ ನೋಡಲು ಇಣುಕಿದಳು. ಗಿರಿಮಲ್ಲ ಎದ್ದು ನಿಂತ. ಕೈ ಹಿಡಿದ.

"ಬನ್ನಿ, ಕೂತುಕೊಳ್ಳಿ!"

"ಬೇಡಪ್ಪಾ, ನನ್ನ ಅಂಗಡಿ..."

"ಕೂತುಕೊಳ್ಳಿ!" ಹೆರಳು ತಂದಿದ್ದ ಒಂದು ಪೆಟ್ಟಿಗೆ ಬೋರಲು ಹಾಕಿ ಕೂಡಿಸಿಯೇಬಿಟ್ಟ.

ಇನ್ನೊಬ್ಬಳು ಮುದುಕಿ ಬಂದಳು. ಕೂಡಿಸಿದ. ಮತ್ತೊಬ್ಬಳು ಬಂದಳು. ಕೂಡಿಸಿದ. "ನನಗೆ ಬಸ್ಸು ತಪ್ಪುತ್ತದೆ" ಅಂದವಳನ್ನೂ ಕೂಡಿಸಿದ. ಎಷ್ಟು ಪೆಟ್ಟಿಗೆಯೋ ಅಷ್ಟು ಮುದುಕಿಯರು, ಒಟ್ಟು ಆರು ಜನ ಸಾಲಾಗಿ ಕೂತರು. ನಿಜ ಹೇಳುತ್ತೇನೆ, ಅವರಿಗೇನೂ ಬೇಸರವಿರಲಿಲ್ಲ. ಆ ಬೀದಿಯಲ್ಲಿ ಅವರಿಗೆ ಕೂತುಕೊಳ್ಳಿ ಅಂದವನು ಅವನೇ ಮೊದಲು. ಕೂತವರು ಸುಮ್ಮನಿರುತ್ತಾರೆಯೇ? ರೋಸ್ಲಿ ಅಜ್ಜಿ ಒಂದು ಕೆಂಪು ಉಳ್ಳಾಗಡ್ಡಿ ಹೆಚ್ಚಿದಳು. ಆರೂ ಜನರ ಕಣ್ಣಲ್ಲಿ ಧಾರೆ!

"ಇದಪ್ಪಾ ಈರುಳ್ಳಿ!" ಅಂದಳು ರೋಸ್ಲಿ ಅಜ್ಜಿ ಮೂಗು ಒರೆಸಿಕೊಳ್ಳುತ್ತಾ.

ಅಷ್ಟಕ್ಕೇ ನಿಂತಿದ್ದರೆ ಕತೆ ಇಲ್ಲೇ ಮುಗಿಯುತ್ತಿತ್ತು. ಒಬ್ಬ ಟೋಪಿಯ ಮುದುಕ ಬಿಸಿ ಬಿಸಿ ಉಳ್ಳಾಗಡ್ಡಿ ಸಾರಿನ ಬಟ್ಟಲು ಹಿಡಿದು ತನ್ನ ಪಾಡಿಗೆ ತಾನು ಹೋಗುತ್ತಿದ್ದ. ಬಿಳಿಗೂದಲು ಕಂಡಿತು. ಗಿರಿಮಲ್ಲ ಹಾರಿಹೋಗಿ ಕೈ ಹಿಡಿದ, ಬಟ್ಟಲಿದ್ದ ಕೈಯನ್ನೇ ಹಿಡಿದ.

"ಬನ್ನಿ, ಕೂತುಕೊಳ್ಳಿ!"

"ಬಿಡಯ್ಯಾ! ಸಾರು, ಸಾರು!"

ಸಾರು ಕೋಟಿನ ಮೇಲೆ, ಮುದುಕ ನೆಲದ ಮೇಲೆ. ಗಿರಿಮಲ್ಲನಿಗೆ ಸಮಾಧಾನ, ಅಂತೂ ಕೂತರಲ್ಲ! ಟೋಪಿಯ ಮುದುಕ ನೇರವಾಗಿ ಗೆರೆ ಸಾಹೇಬನ ಬಳಿ ಹೋಗಿ ಹೇಳಿ ಬಂದ. ಎರಡನೆಯ ದೂರು.

ಕಾಶವ್ವ ಬಂದವಳೇ ಮುದುಕನ ಕೋಟು ಬಿಚ್ಚಿಸಿಕೊಂಡಳು, ತೊಳೆದು ಕೊಡುತ್ತೇನೆ ಅಂದಳು. ತಿರುಗಿ ಮಗನ ಮೇಲೆ ಬಿದ್ದಳು.

"ಎಳದು ಕೂಡಸು ಅಂದಿದ್ನೇನೋ? ದಾರಿ ಮ್ಯಾಲೆ ಹೋಗಾವರನ್ನೆಲ್ಲಾ ಎಳಿ ಅಂದಿದ್ನೇನೋ? ಇದು ಇವರ ಹಬ್ಬ ಐತಿ, ಇವರ ಪದ್ಧತಿ ಕಲಿ! ಇವರು ನಿನಗ ಏನು ಮಾಡತಾರೋ ನೀನೂ ಇವರಿಗೆ ಅದನ್ನ ಮಾಡು. ಸಿಟ್ಟಿಲ್ದ, ನಕ್ಕೋತ ಮಾಡು! ತಿಳೀತಿಲ್ಲೋ?"

"ತಿಳೀತವ್ವಾ!"

"ಇನ್ನೊಂದು ದೂರು ಬಂದ್ರ ಜಾಗಾ ಹೋಕ್ಕತಿ, ಮಗನ!" ಅಂದಳು. ಈಗ ಅವಳ ದನಿಯಲ್ಲಿ ಬೈಗುಳಕ್ಕಿಂತ ಹೆದರಿಕೆ ಹೆಚ್ಚಿತ್ತು. ಕೋಟು ಹಿಡಿದು ಚೌಕದ ಕಾರಂಜಿಯ ಕಡೆ ಓಡಿದಳು.

ಗಿರಿಮಲ್ಲ ನಗುತ್ತಾ ನಿಂತ. ಮಕ್ಕಳು ಬಂದು ಬಣ್ಣದ ಕಾಗದ ಎರಚಿದರು. ಅವನೂ ಎರಚಿದ, ನಕ್ಕ. ಒಂದು ಹುಡುಗಿ ಸುತ್ತಿಗೆಯಲ್ಲಿ ಪೀಪ್ ಅಂತ ಕುಟ್ಟಿದಳು. ಅವಳದೇ ಸುತ್ತಿಗೆ ಇಸಕೊಂಡು ಪೀಪ್ ಅಂತ ಕುಟ್ಟಿದ, ನಕ್ಕ. ಯಾರೋ ಸಕ್ಕರೆ ಉಳ್ಳಾಗಡ್ಡಿಯ ಮಾಲೆ ಹಾಕಿದರು. ಅವನೂ ಒಂದು ಹೆರಳು ತೆಗೆದು ಅವರ ಕೊರಳಿಗೆ ಹಾಕಿದ, ನಕ್ಕ. ಎಲ್ಲರೂ ನಕ್ಕರು. ಜನ ಕೂಡಿತು. ಎಲ್ಲಾ ಸರಿಹೋಯಿತು ಅನ್ನುವ ಹೊತ್ತಿಗೆ ಸರಿಯಾಗಿ ಗೆರೆ ಸಾಹೇಬ ಬಂದ.

ಬಂದವನು ಬೆರಳೆತ್ತಿದ. "ಇದು ಕೊನೆಯ ಎಚ್ಚರಿಕೆ!"

ಗಿರಿಮಲ್ಲನೂ ಬೆರಳೆತ್ತಿದ, ನಗುತ್ತಾ. "ಇದು ಕೊನೆಯ ಎಚ್ಚರಿಕೆ!"

"ತಮಾಷೆ ಮಾಡುತ್ತೀಯಾ?"

"ತಮಾಷೆ ಮಾಡುತ್ತೀಯಾ?"

ಸಾಹೇಬ ಸಿಟ್ಟಿನಿಂದ ಪುಸ್ತಕ ತೆಗೆದು ಬರೆದ. ಗಿರಿಮಲ್ಲ ಪುಸ್ತಕ ಇಸಕೊಂಡು ತಾನೂ ಬರೆದ. ಸಾಹೇಬ ಒಂದು ಹೆರಳು ಕಿತ್ತು ಕೆಳಗೆಸೆದ. ಗಿರಿಮಲ್ಲ ಸಾಹೇಬನ ಮಫ್ಲರು ಕಿತ್ತು ಕೆಳಗೆಸೆದ, ನಗುತ್ತಲೇ. ಸಾಹೇಬ ಕೂಗಲು ಬಾಯಿ ತೆರೆದ. ಆಗಲೇ ಮಕ್ಕಳು ಎರಚಿದ ಹಿಡಿ ಕಾಗದದ ಚೂರು ಬಂದು ಅರ್ಧ ಬಾಯಿಗೆ, ಅರ್ಧ ಮೀಸೆಗೆ! ಮೂರನೆಯ ದೂರು.

ಕಾಶವ್ವ ತೊಳೆದ ಕೋಟು ಹಿಡಿದು ಬಂದು ನಿಂತಳು. ಸಾಹೇಬ ಹಸಿರು ಕೆಂಪು ಚೂರು ಉಗುಳುತ್ತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ನನಗೆ ಮೊದಲೇ ಗೊತ್ತಿತ್ತು. ನಿಮ್ಮಂಥವರಿಗೆ ಈ ಪೇಟೆ ಗೊತ್ತಾಗುವುದಿಲ್ಲ. ಅಜ್ಜ ಮುತ್ತಜ್ಜರಿಂದ ಬಂದದ್ದು ಇದು. ನೋಡಲು ಬನ್ನಿ, ನೋಡಿ ಹೋಗಿ, ಕೂಡುವುದು ನಿಮ್ಮ ಕೈಯಲ್ಲಾಗುವ ಕೆಲಸ ಅಲ್ಲ. ನಿಮ್ಮದು ಏನಿದೆಯೋ ಎಲ್ಲಾ ತೆಗೆದುಕೊಂಡು ಹೋಗಿ. ನಿಮ್ಮದು ಅನ್ನುವುದು ಒಂದೂ ಇಲ್ಲಿ ಉಳಿಯಬಾರದು!"

ಕಾಶವ್ವ ಮಗನಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆರಳುಗಳನ್ನು ಒಂದೊಂದಾಗಿ ಇಳಿಸಿ ಎರಡೂ ಹೆಗಲ ಮೇಲೆ ಹಿಡಿಸಿದಷ್ಟು ಹಾಕಿಕೊಂಡಳು. ಕಣ್ಣಲ್ಲಿ ನೀರು. ಕೇಳಿದವರಿಗೆ ಉಳ್ಳಾಗಡ್ಡಿ ಖಾರ ಅಂದಳು.

"ನಾ ಮನಿಗೆ ಹೋಗತೀನಿ. ನಮ್ದು ಏನೈತಿ ಎಲ್ಲಾ ಗಾಡ್ಯಾಗ ಹಾಕ್ಕೊಂಡು ಬಾ. ಏನೂ ಬಿಡಬ್ಯಾಡ. ಇವರ ಬೀದ್ಯಾಗ ನಮ್ದು ಒಂದು ಕಡ್ಡಿನೂ ಉಳೀಬಾರದು. ತಿಳೀತಿಲ್ಲೋ?"

"ತಿಳೀತವ್ವಾ."

ಕಾಶವ್ವ ಸೇತುವೆ ದಾಟಿ ಹೋದಳು. ಗಿರಿಮಲ್ಲ ಸುತ್ತ ನೋಡಿದ. ನಮ್ಮದು ಏನೇನಿದೆ? ಅವ್ವನ ಹೆಗಲಿಗೆ ಹಿಡಿಸದೆ ಉಳಿದ ಹೆರಳು, ಪೆಟ್ಟಿಗೆ ಆರು, ಅವ್ವನ ಮಣೆ ಒಂದು, ಸೊಪ್ಪು ಕತ್ತರಿಸಲು ಊರಿಂದ ತಂದ ಕುರ್ಪಿ ಒಂದು. ಅವನ್ನು ಗಾಡಿಗೆ ಹಾಕಿದ. ಮತ್ತೆ? ಈ ಗೆರೆಯಿಂದ ಆ ಗೆರೆಯವರೆಗೆ ನಮ್ಮದು! ಸಾಹೇಬರೇ ಹೇಳಿದ್ದಾರೆ, ಸಂಜೆ ನಾಲ್ಕರ ತನಕ ನಮ್ಮದು. ಗಡಿಯಾರ ನೋಡಿದ. ಇನ್ನೂ ಹತ್ತೂವರೆ.

ಕುರ್ಪಿ ಎತ್ತಿಕೊಂಡು ಮೊದಲನೆಯ ಕಲ್ಲಿನ ಸಂದಿಗೆ ಹಾಕಿದ. ಉಳ್ಳಾಗಡ್ಡಿ ಮಡಿಯಲ್ಲಿ ಕಳೆ ಕಿತ್ತ ಕೈ, ಕಲ್ಲು ಎಷ್ಟರದು! ಮರಳಿನಲ್ಲಿ ಕೂರಿಸಿದ ಕಲ್ಲು ಎದ್ದು ಬಂತು. ಒಂದು ಎದ್ದರೆ ಮಿಕ್ಕವು ಸಡಿಲ.

ರೋಸ್ಲಿ ಅಜ್ಜಿ ಕೇಳಿದಳು, "ಏನಪ್ಪಾ ಮಾಡುತ್ತಿದ್ದೀ?"

"ನಮ್ಮದು ತೆಗೆದುಕೊಂಡು ಹೋಗುತ್ತಿದ್ದೇನೆ. ಸಾಹೇಬರ ಅಪ್ಪಣೆ. ಒಂದೂ ಉಳಿಯಬಾರದಂತೆ."

ರೋಸ್ಲಿ ಅಜ್ಜಿ ನೆಲ ನೋಡಿದಳು, ಅವನ ಮುಖ ನೋಡಿದಳು. ಇನ್ನೂ ಹೋಗದೆ ನಿಂತಿದ್ದ ಐದು ಮುದುಕಿಯರ ಕಡೆ ನೋಡಿದಳು. "ಅಪ್ಪಣೆ ಅಂದಮೇಲೆ ಸರಿ, ನಾವು ಯಾಕೆ ಬೇಡ ಅನ್ನೋಣ" ಅಂದಳು. ಆರು ಜನ ಸಾಲಾಗಿ ನಿಂತು ಕಲ್ಲು ಕೈಯಿಂದ ಕೈಗೆ ದಾಟಿಸಿದರು. ಬಸ್ಸು ತಪ್ಪಿಸಿಕೊಂಡವಳೇ ಎಲ್ಲರಿಗಿಂತ ಚುರುಕು. ಮೂರು ಗಾಡಿ ತುಂಬಿತು. ಮೂರು ಸಲ ಸೇತುವೆ ದಾಟಿತು. ಬೀದಿಯಲ್ಲಿ ಉಳಿದದ್ದು ಚಾಪೆಯಗಲದ ಗುಂಡಿ, ಅದರ ಎರಡೂ ಬದಿಗೆ ಎರಡು ಸುಣ್ಣದ ಗೆರೆ.

ಕಾಶವ್ವ ಅಡುಗೆಮನೆಯಲ್ಲಿ ಮೊಣಕಾಲಿನ ಮೇಲೆ ತಲೆಯಿಟ್ಟು ಕೂತಿದ್ದವಳು ಮೂರನೆಯ ಗಾಡಿಯ ದಡದಡ ಸದ್ದಿಗೆ ಹಿತ್ತಲಿಗೆ ಬಂದಳು. ಕಲ್ಲಿನ ರಾಶಿ!

"ಏನೋ ಇದು?"

"ಜಾಗಾ, ಅವ್ವಾ! ನಮ್ಮ ಜಾಗಾ. ಒಂದೂ ಬಿಟ್ಟಿಲ್ಲ."

ಕಾಶವ್ವನ ಕೈ ಹಣೆಗೆ ಹೋಯಿತು. ಬಾಯಿ ಬೈಯಲು ತೆರೆಯಿತು. ಆಗ ರಾಶಿಯ ಮೇಲೆ ಐವತ್ತೇಳು ಅಂತ ಬರೆದ ಕಲ್ಲು ಕಂಡಿತು. ಅದನ್ನು ಎತ್ತಿ ಸೆರಗಿನಲ್ಲಿ ಮಣ್ಣು ಒರೆಸಿದಳು. ಏಳು ಸಲ ಹೋಗಿ ಬೇಡಿದ ಜಾಗ, ಅಂಗೈಯಲ್ಲಿದೆ! ಹಣೆಗೆ ಹೋದ ಕೈ ಬಡಿಯುವುದನ್ನೇ ಮರೆತಿತ್ತು. ಬೈಗುಳ ಬರಲಿಲ್ಲ, ನಗು ಬಂತು. ಬಂದ ನಗು ನಿಲ್ಲಲಿಲ್ಲ. ಕಲ್ಲಿನ ರಾಶಿಯ ಮೇಲೆ ಕೂತುಕೊಂಡೇ ನಕ್ಕಳು. ಎಂಟು ವರ್ಷದಲ್ಲಿ ಅವ್ವ ಹಾಗೆ ನಕ್ಕಿದ್ದನ್ನು ಗಿರಿಮಲ್ಲ ಕಂಡಿರಲಿಲ್ಲ. ಅವನು ಹೆದರಿದ.

ಸ್ವಲ್ಪ ಹೊತ್ತಿಗೆ ಗೆರೆ ಸಾಹೇಬ ಬಂದ. ಜೊತೆಗೊಬ್ಬ ಪೊಲೀಸ. ಸಾಹೇಬನ ಒಂದು ಕಾಲಿಗೆ ಮೊಣಕಾಲಿನವರೆಗೆ ಒದ್ದೆ ಮರಳು. ಗುಂಡಿ ಇದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಆರು ಜನ ಮುದುಕಿಯರು ಅಲ್ಲೇ ನಿಂತಿದ್ದರೂ ಹೇಳಿರಲಿಲ್ಲ.

"ಕಲ್ಲು! ಬೀದಿಯ ಕಲ್ಲು! ಕಳ್ಳತನ!"

"ನೀವೇ ಹೇಳಿದಿರಿ" ಅಂದ ಗಿರಿಮಲ್ಲ. "ಈ ಗೆರೆಯಿಂದ ಆ ಗೆರೆಯವರೆಗೆ ನಿಮ್ಮದು ಅಂದಿರಿ. ನಿಮ್ಮದೆಲ್ಲಾ ತೆಗೆದುಕೊಂಡು ಹೋಗಿ ಅಂದಿರಿ."

ಪೊಲೀಸ ಸಾಹೇಬನ ಕಡೆ ನೋಡಿದ. "ಅಂದಿರಾ?"

"ಅಂದೆ, ಆದರೆ..."

ಪೊಲೀಸ ಮುಖ ಆ ಕಡೆ ತಿರುಗಿಸಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಸಾಹೇಬನ ಮೀಸೆ ಕುಣಿಯಿತು. "ನಾಲ್ಕು ಗಂಟೆಯೊಳಗೆ ಎಲ್ಲಾ ಮೊದಲು ಹೇಗಿತ್ತೋ ಹಾಗೇ ಇಡಬೇಕು! ಬೆಳಿಗ್ಗೆ ಹೇಗಿತ್ತೋ ಹಾಗೇ! ಏನೊಂದೂ ಬದಲಾಗಿರಬಾರದು!"

"ಎಲ್ಲಾ?" ಅಂದ ಗಿರಿಮಲ್ಲ.

"ಎಲ್ಲಾ!"

"ಏನೊಂದೂ?"

"ಏನೊಂದೂ! ಬರೆದುಕೊಳ್ಳಿ" ಅಂದ ಸಾಹೇಬ. ಪೊಲೀಸ ಬರೆದುಕೊಂಡ.

ಕಾಶವ್ವ ಕಲ್ಲಿನ ರಾಶಿಯಿಂದ ಎದ್ದಳು. ಸೆರಗು ಸೊಂಟಕ್ಕೆ ಸಿಗಿಸಿದಳು. "ಗಿರಿಮಲ್ಲಾ, ಸಾಹೇಬ್ರು ಹೇಳಿದ್ದು ಕೇಳಿಸ್ತಿಲ್ಲೋ? ಹೇಳಿದಂಗ ಮಾಡು. ಹೆಚ್ಚು ಮಾಡಬ್ಯಾಡ, ಕಡಿಮಿ ಮಾಡಬ್ಯಾಡ. ತಿಳೀತಿಲ್ಲೋ?"

"ತಿಳೀತವ್ವಾ!"

ಎಂಟು ವರ್ಷದಲ್ಲಿ ಮೊದಲ ಸಲ ಅವಳಿಗೂ ತಿಳಿದಿತ್ತು.

ಮೂರು ಸಲ ಗಾಡಿ ಸೇತುವೆ ದಾಟಿತು. ಕಲ್ಲು ಒಂದೊಂದಾಗಿ ಗುಂಡಿಗೆ ಕೂತವು. 'ಐವತ್ತೇಳು' ಅದರ ಜಾಗದಲ್ಲೇ ಕೂತಿತು. ಊರಿಗೆ ಊರೇ ನೋಡಲು ಬಂತು. ಸಾಹೇಬ ಬಂದು ಗೆರೆ ಗೆರೆಗೂ ಬಗ್ಗಿ ನೋಡಿ, "ಸರಿ, ಇನ್ನು ಹೊರಡಿ" ಅಂದ.

"ಇನ್ನೂ ಮುಗಿದಿಲ್ಲ" ಅಂದ ಗಿರಿಮಲ್ಲ.

ಮಣೆ ತಂದಿಟ್ಟ. ಅವ್ವನನ್ನು ಅದರ ಮೇಲೆ ಕೂಡಿಸಿದ. ಕೆಂಪು ಹೆರಳು ಅಷ್ಟೂ ತೂಗುಹಾಕಿದ. ಆರು ಪೆಟ್ಟಿಗೆ ಬೋರಲು ಹಾಕಿದ. ಆರು ಜನ ಮುದುಕಿಯರನ್ನು ಕೈ ಹಿಡಿದು ಕೂಡಿಸಿದ, ಯಾರು ಎಲ್ಲಿ ಕೂತಿದ್ದರೋ ಅಲ್ಲೇ. ಅವರೂ ಮದುವೆ ಮನೆಗೆ ಬಂದವರ ಹಾಗೆ ಬಂದು ಕೂತರು. ಟೋಪಿಯ ಮುದುಕ ತನ್ನ ತೊಳೆದ ಕೋಟು ಹಾಕಿಕೊಂಡು ದೂರ ಓಡಿಹೋದ. ಅವನೊಬ್ಬ ತಪ್ಪಿಸಿಕೊಂಡ.

"ಏನಿದು!" ಅಂದ ಗೆರೆ ಸಾಹೇಬ, ಬೆರಳೆತ್ತಿ.

"ಬೆರಳು ಸರಿಯಾಗಿದೆ, ಇಳಿಸಬೇಡಿ" ಅಂದ ಗಿರಿಮಲ್ಲ. ಒಂದು ಹಿಡಿ ಬಣ್ಣದ ಕಾಗದ ತಂದು ಸಾಹೇಬನ ಮೀಸೆಗೆ ನಿಧಾನವಾಗಿ ಸಿಗಿಸತೊಡಗಿದ. "ಇಲ್ಲಿ ಕೆಂಪು ಇತ್ತು. ಇಲ್ಲಿ ಹಸಿರು. ಅಲುಗಬೇಡಿ ಸಾಹೇಬರೇ, ಏನೊಂದೂ ಬದಲಾಗಬಾರದು."

ಬೀದಿಗೆ ಬೀದಿಯೇ ನಕ್ಕಿತು. ಪೊಲೀಸ ಪುಸ್ತಕ ತೆಗೆದು, "ಎಲ್ಲಾ ಮೊದಲಿನಂತೆ ಅಂತಲೇ ಬರೆದಿದೆ, ನೀವೇ ಬರೆಸಿದ್ದು" ಅಂದ.

ಸಾಹೇಬ ಮೀಸೆ ಕೊಡವಿಕೊಂಡು ಕಾಶವ್ವನ ಕಡೆ ತಿರುಗಿದ. "ಏಳಿ! ನಾನು ಹೇಳುತ್ತೇನೆ, ಏಳಿ ಇಲ್ಲಿಂದ!"

ಕಾಶವ್ವ ಕಾಲ ಮೇಲೆ ಕಾಲು ಹಾಕಿಕೊಂಡಳು. "ಏಳಂಗಿಲ್ಲ ಸಾಹೇಬ್ರ. ಏಳು ವರ್ಷ ನಿಂತೀನಿ, ಏಳು ಸಲ ಬೇಡೀನಿ. ಮುಂಜಾನೆ ನನ ಮಗನಿಗೆ ಯಾರು ಬಂದ್ರೂ ಏಳಬ್ಯಾಡ ಅಂತ ನಾನ ಹೇಳೀನಿ. ಅಂವ ಒಬ್ಬನ ಕೇಳಿದ್ರ ಹ್ಯಾಂಗ? ಹೇಳಿದ ಮಾತು ನಾನೂ ಕೇಳಬೇಕಲ್ಲ!"

"ಯಾರ ಮುಂದೆ ಮಾತಾಡುತ್ತಿದ್ದೀರಿ ಗೊತ್ತೇ!" ಅಂತ ಸಾಹೇಬ ದಪದಪ ಹೆಜ್ಜೆ ಹಾಕಿ ಅವಳ ಕಡೆ ನುಗ್ಗಿದ.

ಆಗ ಗಿರಿಮಲ್ಲ ಹಣೆ ಬಡಿದುಕೊಂಡ. "ಅಯ್ಯ, ಎಲ್ಲಾಕಿಂತ ಮೊದಲಿಂದನ್ನ ಮರತೆ!" ಅಂದವನೇ ಗೆರೆಯೊಳಗೆ ಬೋರಲು ಬಿದ್ದ. ಎರಡು ಕೈಯಲ್ಲೂ ಕಲ್ಲು ಹಿಡಿದುಕೊಂಡ. ಜಾಗ ಐದಡಿ, ಆಳು ಆರಡಿ. ಕಾಲು ಆಚೆಗೆ ಚಾಚಿಕೊಂಡಿತು. ಸಾಹೇಬನಿಗೆ ಕಾಶವ್ವ ಕಂಡಳು, ಕಾಲು ಕಾಣಲಿಲ್ಲ.

ದಬ್!

ಗಡಿಯಾರದ ಗೋಪುರದಲ್ಲಿ ನಾಲ್ಕು ಹೊಡೆಯಿತು. ಹಬ್ಬ ಮುಗಿಯುವ ಹೊತ್ತಿಗೆ ಊರಿನವರೆಲ್ಲ ಒಟ್ಟಿಗೆ ಕಾಗದ ಎರಚುವುದು ಅಲ್ಲಿಯ ಪದ್ಧತಿ. ಎರಚಿದರು. ಕಾಶವ್ವನ ಮೇಲೆ, ಕೆಂಪು ಹೆರಳುಗಳ ಮೇಲೆ, ಆರು ಮುದುಕಿಯರ ಮೇಲೆ, ಬೋರಲು ಬಿದ್ದ ಗೆರೆ ಸಾಹೇಬನ ಮೇಲೆ ಬಣ್ಣದ ಚೂರು ಸುರಿಯಿತು.

ಎಲ್ಲರ ಕೆಳಗಿಂದ ಗಿರಿಮಲ್ಲನ ದನಿ ಬಂತು. "ಅವ್ವಾ, ಈಗ ಎಲ್ಲಾ ಮೊದಲಿನಂಗ ಆತು. ಏಳ್ಲೇನು?"

ಕಾಶವ್ವ ಗೆರೆ ಸಾಹೇಬನನ್ನು ನೋಡಿದಳು, ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಮಣೆಯ ಮೇಲೆ ಇನ್ನಷ್ಟು ಸರಿಯಾಗಿ ಕೂತಳು.

"ಏಳಬ್ಯಾಡೋ ನನ ರಾಜಾ," ಅಂದಳು, "ಯಾರು ಬಂದ್ರೂ ಏಳಬ್ಯಾಡ."

ಅವರು ಅಲ್ಲಿ ಕೂತರು. ನಾವಿನ್ನು ಇಲ್ಲಿಂದ ಏಳೋಣ.